ಬೂದವ್ವ ಹಾಲು ಏರಿಸಿಕೊಂಡ ದಿನ

ನೆಲ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳಿಗೆ ನೆಟ್ಟಗೆ ಕೂರುವುದು ಬಂದಿರಲಿಲ್ಲ, ಮಳೆ ಬಂದರೆ ಒಂದರ ಮೇಲೊಂದು ಒರಗುತ್ತಿದ್ದವು. ಹಳ್ಳಗಳಿಗೆ ದಾರಿ ಗೊತ್ತಿರಲಿಲ್ಲ, ಸಿಕ್ಕಿದವರನ್ನೆಲ್ಲ "ಅಣ್ಣಾ, ಸಮುದ್ರ ಯಾವ ಕಡೆ?" ಅಂತ ಕೇಳುತ್ತಾ ಹರಿಯುತ್ತಿದ್ದವು.

ಆ ಕಾಲದಲ್ಲಿ ಹಾಲೆಲ್ಲ ಒಂದೇ ಆಗಿತ್ತು.

ಮಕ್ಕಳೇ, ಸರಿಯಾಗಿ ಕೇಳಿಸಿಕೊಳ್ಳಿ. ಆ ಕಾಲದಲ್ಲಿ ಅಂದೆ. ಈಗ ಅಲ್ಲ. ಈಗಲೂ "ಹಾಲು ಅಂದರೆ ಹಾಲು, ಎಲ್ಲ ಒಂದೇ" ಅನ್ನುವ ದೊಡ್ಡ ಮನುಷ್ಯರು ಇದ್ದಾರೆ. ಅವರು ಒಂದು ದಿನವಾದರೂ ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತವರಲ್ಲ, ಸಗಣಿ ಮೆತ್ತಿದ ಬಾಲದಲ್ಲಿ ಕೆನ್ನೆಗೆ ಏಟು ತಿಂದವರಲ್ಲ. ನಾನು ತಿಂದಿದ್ದೇನೆ. ಕೊಟ್ಟಿಗೆಯ ಪಕ್ಕದಲ್ಲೇ ಹುಟ್ಟಿ, ಕರುಗಳ ಜೊತೆ ತಲೆಗೆ ತಲೆ ಕೊಟ್ಟು ಗುದ್ದಾಡಿ ಬೆಳೆದವನು ನಾನು. ಈ ಕತೆಯನ್ನು ನನ್ನಷ್ಟು ನೆಟ್ಟಗೆ ಹೇಳುವವರು ನಮ್ಮ ಸೀಮೆಯಲ್ಲೇ ಇಲ್ಲ. ಬೇಕಾದರೆ ಬೇರೆಯವರ ಹತ್ತಿರ ಹೋಗಿ ಕೇಳಿ, ಆಮೇಲೆ ನನ್ನ ಹತ್ತಿರವೇ ವಾಪಸ್ಸು ಬರುತ್ತೀರಿ.

ಹಾಂ. ಆಗ ಹಾಲೆಲ್ಲ ಒಂದೇ. ಕರು ಹುಟ್ಟಿದ ದಿನ ಬರುವ ಹಾಲೂ ಅದೇ, ಕರುವಿಗೆ ಕೊಂಬು ಮೂಡುವ ಹೊತ್ತಿಗೆ ಬರುವ ಹಾಲೂ ಅದೇ. ಬೆಳ್ಳಗೆ, ತೆಳ್ಳಗೆ. ಹಸು ಯಾರು ಕೈ ಹಾಕಿದರೂ ಹಾಲು ಬಿಡುತ್ತಿತ್ತು. ಹಸುವಿನ ಬೆನ್ನು ಹಲಗೆಯ ಹಾಗೆ ಚಪ್ಪಟೆಯಾಗಿತ್ತು.

ಗಾಳಿ ಆಗ ಲೋಕದ ಜಡ್ಡುಗಳನ್ನೆಲ್ಲ ಬೆನ್ನ ಮೇಲೆ ಕೂರಿಸಿಕೊಂಡು ತಿರುಗುತ್ತಿತ್ತು. ಕೆಮ್ಮು, ಜ್ವರ, ಭೇದಿ, ನಡುಕ. ದೊಡ್ಡ ದನಗಳ ಹತ್ತಿರ ಬಂದರೆ ಅವು ಕೊಂಬು ಆಡಿಸಿ ಓಡಿಸುತ್ತಿದ್ದವು. ಆಗತಾನೇ ಹುಟ್ಟಿದ ಕರುವಿಗೆ ಕೊಂಬೆಲ್ಲಿ? ಜಡ್ಡುಗಳು ಗಾಳಿಯಿಂದ ಇಳಿದು ಕರುವಿನ ಒಳಗೆ ಹೋಗಿ ಕೂರುತ್ತಿದ್ದವು. ಕರು ಏಳುತ್ತಿರಲಿಲ್ಲ.

ಬೂದವ್ವ ಅಂತ ಒಂದು ಹಸು ಇತ್ತು. ಬೂದಿ ಬಣ್ಣ, ದೊಡ್ಡ ಕಣ್ಣು, ಚೂಪು ಕೊಂಬು. ಅವಳ ಹಿಂದಿನ ಕರುಗಳನ್ನೆಲ್ಲ ಗಾಳಿ ಹೊತ್ತು ತಂದ ಜಡ್ಡುಗಳು ತಿಂದಿದ್ದವು. ಈಗ ಮತ್ತೆ ಹೊಟ್ಟೆಯಲ್ಲಿ ಕರು ಇತ್ತು.

"ಈ ಸಲ ಬಿಡಲ್ಲ," ಅಂದಳು ಬೂದವ್ವ. "ಇದೊಂದು ಬದುಕಬೇಕು."

ಅಂದವಳೇ ಹೊರಟಳು.

ಮೊದಲು ಸೂರ್ಯನ ಹತ್ತಿರ ಹೋದಳು. ಸೂರ್ಯ ಬೆಟ್ಟದ ಹಿಂದೆ ಮುಖ ತೊಳೆಯುತ್ತಿದ್ದ.

"ಸೂರಪ್ಪಾ, ನಿನ್ನ ಬಿಸಿಲಲ್ಲಿ ಒಂದು ಹಿಡಿ ಕೊಡು."

"ಯಾತಕ್ಕವ್ವಾ?"

"ನನ್ನ ಹಾಲಿಗೆ. ತೆಳ್ಳಗೆ ನೀರಿನ ಹಾಗಿದೆ. ಅದನ್ನು ಕುಡಿದ ಕರು ನಡುಗುತ್ತೆ."

ಸೂರ್ಯ ಒಂದು ಹಿಡಿ ಎಳೆಬಿಸಿಲು ತೆಗೆದು ಅವಳ ಕೆಚ್ಚಲಿಗೆ ಹಚ್ಚಿದ. ಒಳಗಿದ್ದ ಹಾಲು ಅರಿಶಿನದ ಹಾಗೆ ಹಳದಿಯಾಯಿತು.

ಆಮೇಲೆ ಗಾಳಿಯ ಹತ್ತಿರ ಹೋದಳು. ಹೋದಳು ಅಂದರೆ ಅಡ್ಡ ನಿಂತಳು.

"ನಿಲ್ಲೋ! ಎಷ್ಟು ಕರು ತಿಂದೆ ನೀನು?"

"ನಾನೆಲ್ಲಿ ತಿಂದೆನವ್ವಾ?" ಅಂತು ಗಾಳಿ. "ಜಡ್ಡುಗಳು ಹತ್ತಿ ಕೂರುತ್ತವೆ, ನಾನು ಬೀಸುತ್ತೇನೆ. ಬೀಸುವುದು ನನ್ನ ಕಸುಬು."

"ಹೊರುವವನು ನೀನು, ಸಾಯುವುದು ನನ್ನ ಕರುವಾ? ಚೆನ್ನಾಗಿದೆ ನಿನ್ನ ಕಸುಬು!"

ಗಾಳಿಗೆ ನಾಚಿಕೆಯಾಯಿತು. "ಜಡ್ಡುಗಳನ್ನು ಇಳಿಸಿ ಬಿಸಾಕಲು ನನ್ನಿಂದ ಆಗಲ್ಲ. ಬೇಕಾದರೆ ಅವುಗಳ ಹೆಸರು ಹೇಳುತ್ತೇನೆ. ಹೆಸರು ಗೊತ್ತಿದ್ದವರ ಹತ್ತಿರ ಅವು ಸುಳಿಯುವುದಿಲ್ಲ. ಆದರೆ ಹೆಸರು ಸುಮ್ಮನೆ ಕೇಳಿದರೆ ನಿಲ್ಲಲ್ಲ. ಒಂದೊಂದನ್ನೂ ಒಂದು ಸಲ ನೀನೇ ಅನುಭವಿಸಬೇಕು."

"ಅನುಭವಿಸುತ್ತೇನೆ. ಹೇಳು."

ಗಾಳಿ ಅವಳ ಕಿವಿಯಲ್ಲಿ ಒಂದೊಂದೇ ಹೆಸರು ಉಸುರಿತು. ಕೆಮ್ಮಿನ ಹೆಸರು ಕೇಳಿ ಬೂದವ್ವ ಕೆಮ್ಮಿದಳು. ಜ್ವರದ ಹೆಸರು ಕೇಳಿ ಅವಳ ಮೈ ಕಾದು ಕೆಂಡವಾಯಿತು. ನಡುಕದ ಹೆಸರು ಕೇಳಿ ನಡುಗಿ ಮಂಡಿಯೂರಿದಳು. ಆದರೂ ಎದ್ದಳು. ಕೇಳಿದ ಹೆಸರನ್ನೆಲ್ಲ ತನ್ನ ಹಳದಿ ಹಾಲಿಗೆ ಹೇಳಿಕೊಟ್ಟಳು. ಹಾಲು ಪಾಠ ಕಲಿಯಿತು.

ಕೊನೆಗೆ ಹುತ್ತದ ಹತ್ತಿರ ಹೋದಳು. ಎಂಥ ಮಳೆ ಹೊಡೆದರೂ ಕರಗದ ಗಟ್ಟಿ ಹುತ್ತ.

"ಹುತ್ತಜ್ಜಾ, ನಿನ್ನ ಗಟ್ಟಿತನದಲ್ಲಿ ಸ್ವಲ್ಪ ಕೊಡು."

ಹುತ್ತ ನಕ್ಕಿತು. "ನನಗೆ ಹಾಲು ಎರೆಯಲು ಬರುವವರು ಬಹಳ ಜನ. ಹಾಲಿಗೆ ಬೇಕು ಅಂತ ನನ್ನನ್ನೇ ಕೇಳಲು ಬಂದವಳು ನೀನೊಬ್ಬಳೇ. ತಗೋ."

ಹಾಲು ಗಟ್ಟಿಯಾಯಿತು, ಬೆರಳಿಗೆ ಅಂಟುವಷ್ಟು.

"ಒಂದು ಮಾತು ಕೇಳು ಬೂದವ್ವಾ," ಅಂತು ಹುತ್ತ. "ನನಗೆ ಬಾಗಿಲುಗಳ ವಿಷಯ ಗೊತ್ತು, ಮೈಯೆಲ್ಲ ಬಾಗಿಲೇ. ಕರುವಿನ ಹೊಟ್ಟೆಯಲ್ಲೂ ಒಂದು ಬಾಗಿಲಿದೆ. ಹುಟ್ಟಿದ ದಿನ ಮಾತ್ರ ತೆರೆದಿರುತ್ತೆ. ಹೊತ್ತು ಮುಳುಗಿತು ಅಂದರೆ ಮುಚ್ಚಿತು. ನಿನ್ನ ಹಾಲು ಅಷ್ಟರೊಳಗೆ ಆ ಬಾಗಿಲು ದಾಟಿ ಒಳಗೆ ಹೋಗಿ ಕಾವಲು ಕೂರಬೇಕು. ಆಮೇಲೆ ಕೊಡಪಾನಗಟ್ಟಲೆ ಕುಡಿಸಿದರೂ ಹೊಟ್ಟೆ ತುಂಬುತ್ತೆ, ಕಾವಲು ಕೂರಲ್ಲ."

"ಆ ಬಾಗಿಲು ಮುಚ್ಚುವ ಮೊದಲೇ ಕುಡಿಸುತ್ತೇನೆ," ಅಂದಳು ಬೂದವ್ವ.

ಪಾಪ, ಅವಳು ಕ್ಯಾತಯ್ಯನನ್ನು ಮರೆತಿದ್ದಳು.

ಬೂದವ್ವ ಇದ್ದದ್ದು ಕ್ಯಾತಯ್ಯನ ಹಟ್ಟಿಯಲ್ಲಿ. ಹಟ್ಟಿ ಅಂದರೆ ದನ ಸಾಕುವವರ ಊರು. ಸುತ್ತ ಮುಳ್ಳುಬೇಲಿ, ಒಳಗೆ ಗುಡಿಸಲು, ಗುಡಿಸಲಿಗಿಂತ ಹೆಚ್ಚು ದನ. ಕ್ಯಾತಯ್ಯ ಕೆಟ್ಟವನಲ್ಲ, ದನಕ್ಕೆ ಹೊಡೆದವನಲ್ಲ. ಆದರೆ ಯಾರು ಏನು ಹೇಳಿದರೂ "ಅದು ನನಗೆ ಗೊತ್ತು ಬಿಡು" ಅನ್ನುತ್ತಿದ್ದ. ಹೀಗನ್ನುವವನಿಗೆ ಯಾವುದೂ ಗೊತ್ತಾಗುವುದಿಲ್ಲ, ಬರೆದಿಟ್ಟುಕೊಳ್ಳಿ.

ಆ ಹಟ್ಟಿಯಲ್ಲಿ ಒಂದು ಪದ್ಧತಿ ಇತ್ತು. ಹೊಸದು ಏನೇ ಬರಲಿ, ಮೊದಲ ತುತ್ತು ಹಿರಿಯರ ಬಾಯಿಗೆ. ಹೊಸ ಜೇನು ಇಳಿಸಿದರೆ ಮೊದಲು ಹಿರಿಯರಿಗೆ. ಹೊಸ ನವಣೆ ಬಂದರೆ ಮೊದಲು ಹಿರಿಯರಿಗೆ. ಅದರಲ್ಲಿ ತಪ್ಪೇನಿಲ್ಲ, ನಮ್ಮಲ್ಲಿ ಈಗಲೂ ಹಾಗೇ. ಹಿರಿಯರ ಮುಂದೆ ನಾವು ಕಾಲು ಚಾಚಿ ಕೂರುವವರೂ ಅಲ್ಲ. ಆದರೆ ಆ ಪದ್ಧತಿಯನ್ನು ಹಸುವಿನ ಕೆಚ್ಚಲಿನವರೆಗೂ ಎಳೆದುಕೊಂಡು ಹೋದರೆ?

ಕ್ಯಾತಯ್ಯ ಎಳೆದುಕೊಂಡು ಹೋದ.

ಬೆಳಕು ಹರಿಯುವ ಹೊತ್ತಿಗೆ ಬೂದವ್ವ ಕರು ಹಾಕಿದಳು. ಗಂಡು ಕರು. ಹುಟ್ಟಿದ್ದೇ ತಡ ಹಿಂಗಾಲಲ್ಲಿ ಚಿಮ್ಮಲು ನೋಡಿ ಮುಗ್ಗರಿಸಿತು. ಬೂದವ್ವ ನಕ್ಕು ಅದಕ್ಕೆ ಚಿಮ್ಮ ಅಂತ ಹೆಸರಿಟ್ಟಳು. ಮೈಯೆಲ್ಲ ನೆಕ್ಕಿ ಒಣಗಿಸಿದಳು. "ಬಾ ಮಗನೇ, ಕುಡಿ" ಅಂದಳು.

ಚಿಮ್ಮ ಇನ್ನೂ ಕೆಚ್ಚಲು ಯಾವ ಕಡೆ ಅಂತ ಹುಡುಕುತ್ತಿದ್ದ. ಅಷ್ಟರಲ್ಲಿ ಕ್ಯಾತಯ್ಯ ಗಡಿಗೆ ಹಿಡಿದು ಬಂದ. ಮೊಲೆಯ ತುದಿಯಲ್ಲಿ ಹಳದಿ ಹನಿ ನೋಡಿದ.

"ಅಯ್ಯಯ್ಯಪ್ಪಾ! ಚಿನ್ನ ಕಣವ್ವಾ ಇದು! ಚಿನ್ನದ ಹಾಲು! ಇವತ್ತು ಈರಜ್ಜನ್ನ ಕರೀತೀನಿ, ಹಿರೀಕರನ್ನೆಲ್ಲ ಕರೀತೀನಿ. ಇಂಥ ಹಾಲು ಯಾರ ಹಟ್ಟಿಲಿದೆ ಹೇಳು?"

"ಕ್ಯಾತಯ್ಯಾ, ಅದು ಕರುವಿನದು."

"ಗೊತ್ತು ಬಿಡವ್ವಾ. ಕರುವಿಗೂ ಕೊಡ್ತೀನಿ. ಮೊದಲು ಹಿರೀಕರಿಗೆ."

"ಹಿರೀಕರ ಹೊಟ್ಟೆ ಬಾಗಿಲು ಯಾವತ್ತೋ ಮುಚ್ಚಿದೆ. ನನ್ನ ಮಗನದು ಇವತ್ತೊಂದೇ ದಿನ ತೆರೆದಿರೋದು."

"ಹೊಟ್ಟೆಗೆ ಬಾಗಿಲಾ?" ಕ್ಯಾತಯ್ಯ ಹೊಟ್ಟೆ ಹಿಡಿದು ನಕ್ಕ. "ಚಿಲಕ ಎಲ್ಲಿದೆ ತೋರಿಸು!"

"ನಗಬೇಡ! ಹೊತ್ತು ಮುಳುಗಿದರೆ ಮುಚ್ಚುತ್ತೆ. ಆ ಹಾಲು ಸಿಗದಿದ್ದರೆ ನನ್ನ ಮಗ ಸಾಯುತ್ತಾನೆ."

"ಯಾಕೆ ಸಾಯ್ತದೆ? ಬಿಳಿಚುಕ್ಕಿ ಹಾಲು ಕೊಡ್ತೀನಿ. ಹಾಲು ಅಂದರೆ ಹಾಲು."

ಬಿಳಿಚುಕ್ಕಿ ಅಂದರೆ ಬೂದವ್ವನ ತಂಗಿ. ಕಪ್ಪು ಮೈ, ಬಿಳಿ ಮಚ್ಚೆ, ಬಲು ಸಾಧು. ಕರು ಹಾಕಿ ಬಹಳ ಕಾಲವಾಗಿತ್ತು. ಅವಳ ಹಾಲು ಬೆಳ್ಳಗೆ, ತೆಳ್ಳಗೆ.

"ಅಕ್ಕಾ, ತಗೊಂಡರೆ ತಗೊಳ್ಳಲಿ ಬಿಡೆ," ಅಂದಳು ಬಿಳಿಚುಕ್ಕಿ ಮೆಲುಕು ಹಾಕುತ್ತಾ. "ನಂದಂತೂ ಯಾರು ಬೇಕಾದರೂ ಕರೆದುಕೊಳ್ಳಲಿ. ನನಗೇನು?"

"ನಿನಗೇನೂ ಇಲ್ಲ. ನನಗೆ ಮಗ ಇದ್ದಾನೆ!"

ಕ್ಯಾತಯ್ಯ ಕೇಳಲಿಲ್ಲ. ಚಿಮ್ಮನನ್ನು ಎತ್ತಿಕೊಂಡು ಹೋಗಿ ಬೇಲಿಯ ಹತ್ತಿರ ಗೂಟಕ್ಕೆ ಕಟ್ಟಿದ. ಆಗೆಲ್ಲ ಹಸುಗಳಿಗೆ ಹಾಲು ತಡೆದುಕೊಳ್ಳುವುದು ಗೊತ್ತಿರಲಿಲ್ಲ ಅಂದೆನಲ್ಲ? ಬೂದವ್ವ ಕೂಗುತ್ತಲೇ ಇದ್ದಳು, ಹಾಲು ಇಳಿಯುತ್ತಲೇ ಇತ್ತು. ಗಡಿಗೆ ತುಂಬಿತು. ಸೂರ್ಯ ಕೊಟ್ಟ ಬಣ್ಣ, ಗಾಳಿ ಕೊಟ್ಟ ಹೆಸರು, ಹುತ್ತ ಕೊಟ್ಟ ಗಟ್ಟಿತನ, ಎಲ್ಲವೂ ಗಡಿಗೆಗೆ ಹೋಯಿತು.

ನೆನೆಸಿಕೊಂಡರೆ ಈಗಲೂ ನನ್ನ ರಕ್ತ ಕುದಿಯುತ್ತದೆ. ಕರು ಗೂಟದಲ್ಲಿ, ಅದರ ಹಾಲು ಗಡಿಗೆಯಲ್ಲಿ. ಕೇಳಿದರೆ ಪದ್ಧತಿ ಅನ್ನುತ್ತಾರೆ!

ಕ್ಯಾತಯ್ಯ ಬಿಳಿಚುಕ್ಕಿಯ ಹಾಲನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಚಿಮ್ಮನ ಬಾಯಿಗೆ ಇಟ್ಟು ಎತ್ತಿದ. ಚಿಮ್ಮ ಗುಟುಕು ಗುಟುಕಾಗಿ ನುಂಗಿದ. ಹೊಟ್ಟೆ ತುಂಬಿತು.

"ನೋಡಿದೆಯಾ? ತುಂಬಿತು," ಅಂದ ಕ್ಯಾತಯ್ಯ. "ಹಾಲು ಅಂದರೆ ಹಾಲು."

ಹೊಟ್ಟೆ ತುಂಬಿತ್ತು ನಿಜ. ಆದರೆ ಒಳಗೆ ಯಾರೂ ಕಾವಲಿಗೆ ಕೂರಲಿಲ್ಲ. ಬಿಸಿಲೇರುವ ಹೊತ್ತಿಗೆ ಚಿಮ್ಮನ ಕಿವಿಗಳು ಜೋತುಬಿದ್ದವು. ಮೂಗು ಒಣಗಿತು. ಕುತ್ತಿಗೆ ನೆಲಕ್ಕೆ ಚಾಚಿ ಮಲಗಿಬಿಟ್ಟ.

ಗಾಳಿ ಹಟ್ಟಿಯ ಹೊರಗೆ ಸುತ್ತುತ್ತಾ ಗೋಳಾಡಿತು. "ಬೂದವ್ವಾ, ಬೇಗ! ನನ್ನ ಬೆನ್ನ ಮೇಲೆ ಕೂತಿರುವವೆಲ್ಲ ಬೇಲಿಯೊಳಗೆ ಇಣುಕುತ್ತಿವೆ. ನಾನು ಎಷ್ಟು ಹೊತ್ತು ದೂರ ನಿಲ್ಲಲಿ? ನಾನು ಗಾಳಿ, ನನಗೆ ನಿಂತು ಗೊತ್ತಿಲ್ಲ."

ಬೂದವ್ವ ಹಗ್ಗ ಜಗ್ಗಿದಳು. ಹಗ್ಗ ಗಟ್ಟಿಯಾಗಿತ್ತು.

ಇತ್ತ ಗುಡಿಸಲಿನ ಮುಂದೆ ಹಿರಿಯರು ಸಾಲಾಗಿ ಕೂತಿದ್ದರು. ಎಲ್ಲರಿಗಿಂತ ಹಿರಿಯ ಈರಜ್ಜ. ಬಾಯಲ್ಲಿ ಹಲ್ಲಿರಲಿಲ್ಲ, ಆದರೂ ಎಲ್ಲರಿಗಿಂತ ಮುಂದೆ ಕೂತಿದ್ದ. ಕ್ಯಾತಯ್ಯ ಗಡಿಗೆಯನ್ನು ಒಲೆಯ ಮೇಲೆ ಇಟ್ಟು ಬೆಂಕಿ ಊದಿದ.

"ಬೆಂಕಿಯಕ್ಕಾ!" ದೂರದಿಂದ ಬೂದವ್ವ ಕೂಗಿದಳು. "ಅದು ನನ್ನ ಮಗನ ಹಾಲು!"

"ನಾನೇನು ಮಾಡಲವ್ವಾ," ಅಂತು ಬೆಂಕಿ. "ಮೇಲಿಟ್ಟದ್ದನ್ನು ಕುದಿಸುವುದಷ್ಟೇ ನನಗೆ ಗೊತ್ತು. ಆದರೆ ಇದ್ಯಾಕೋ ಕುದಿಯಲು ಒಪ್ಪುತ್ತಿಲ್ಲ, ಕೇಳು."

ಗಡಿಗೆಯ ಒಳಗಿನಿಂದ ಹಾಲೇ ಮಾತಾಡಿತು.

"ನಾನು ಹೊರಟದ್ದು ಚಿಮ್ಮನ ಹೊಟ್ಟೆಗೆ. ಇಲ್ಲಿ ನಾನು ಕುದಿಯಲ್ಲ. ಉಕ್ಕಲ್ಲ. ಹರಿಯಲ್ಲ. ಚಿಮ್ಮ ಕುಡಿದನಾ? ಹೇಳುವವರೆಗೂ ಇಲ್ಲೇ ಕೂತೆ!"

ಕೂತೇಬಿಟ್ಟಿತು. ಗಡಿಗೆ ಅಲ್ಲಾಡಿಸಿದರೂ ಅಲ್ಲಾಡಲಿಲ್ಲ. ಬಗ್ಗಿಸಿದರೂ ಬೀಳಲಿಲ್ಲ.

"ಕ್ಯಾತಾ," ಈರಜ್ಜ ಗಡಿಗೆಯೊಳಗೆ ಬೆರಳಿಂದ ತಟ್ಟಿ ನೋಡಿದ. "ಇದೇನ್ಲಾ, ಹಾಲಾ, ಗೋಡೆಯಾ?"

ಕ್ಯಾತಯ್ಯ ಗಡಿಗೆಯನ್ನು ಇನ್ನೊಮ್ಮೆ ಬಗ್ಗಿಸಿ ನೋಡಿದ. ಆದರೂ ಸೋಲು ಒಪ್ಪಲಿಲ್ಲ. "ಚಿನ್ನದ ಹಾಲು ಹಾಗೇ ಇರೋದಜ್ಜಾ. ನನಗೆ ಗೊತ್ತು ಬಿಡು."

ಬೆಲ್ಲ ಪುಡಿ ಮಾಡಿ ಮೇಲೆ ಉದುರಿಸಿದ. ಹಿರಿಯರು ಒಂದೊಂದು ಚೂರು ಬಾಯಿಗೆ ಹಾಕಿಕೊಂಡರು. ರುಚಿ ಇತ್ತಾ? ಇತ್ತು. ಸುಳ್ಳು ಯಾಕೆ ಹೇಳಲಿ? ಭಾರೀ ರುಚಿ ಇತ್ತು. ಈರಜ್ಜ ಹಲ್ಲಿಲ್ಲದ ಬಾಯಲ್ಲಿ "ಇನ್ನೊಂಚೂರು ಹಾಕ್ಲಾ, ಇನ್ನೊಂಚೂರು" ಅಂದ. ಗಡಿಗೆ ಖಾಲಿಯಾಯಿತು.

ತಿಂದವರು ಚಾಪೆಯ ಮೇಲೆ ಒರಗಿದರು. ಸ್ವಲ್ಪ ಹೊತ್ತಿಗೆ ಈರಜ್ಜನ ಹೊಟ್ಟೆ ಗುಡುಗಿತು.

"ಮಳೆ ಬರೋ ಹಂಗಿದೆ," ಅಂದ ಪಕ್ಕದವನು ಆಕಾಶ ನೋಡುತ್ತಾ.

"ಮಳೆ ಅಲ್ಲಲೇ, ನಾನು," ಅಂದ ಈರಜ್ಜ. ಅಂದವನೇ ಎದ್ದು ತಂಗಡಿ ಗಿಡಗಳ ಕಡೆ ಓಡಿದ. ಕೋಲು ಇಲ್ಲದೆ ನಡೆಯದ ಮುದುಕ ಕೋಲು ಬಿಟ್ಟು ಓಡಿದ! ಅವನ ಹಿಂದೆ ಇನ್ನೊಬ್ಬ. ಅವನ ಹಿಂದೆ ಎಲ್ಲರೂ. ಕೊನೆಗೆ ಕ್ಯಾತಯ್ಯ.

"ನನ್ನ ಹತ್ತಿರ ಬರಬೇಡಿ!" ಅಂತ ಹಳ್ಳ ಕಿರುಚಿತು. "ನಾನು ಕುಡಿಯುವ ನೀರು!"

ನಗಿ, ನಗಿ. ಆದರೆ ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ಕರುವಿಗೆ ಜೀವ ಕೊಡುವ ಹಾಲು, ಗಡಿಗೆಗಟ್ಟಲೆ ತಿಂದ ಮನುಷ್ಯನ ಹೊಟ್ಟೆಯನ್ನು ಕೆಡಿಸಿತು. ಅದೇ ಹಾಲು, ಬೇರೆ ಹೊಟ್ಟೆ. ಇನ್ನೂ ಹಾಲು ಅಂದರೆ ಹಾಲು ಅನ್ನುತ್ತೀರಾ?

ಹೊತ್ತು ಇಳಿಯುತ್ತಿತ್ತು. ಬೂದವ್ವ ಚಿಮ್ಮನನ್ನು ನೋಡಿದಳು. ಅವನ ಪಕ್ಕೆಲುಬು ಮೇಲೆ ಕೆಳಗೆ ಆಡುತ್ತಿತ್ತು, ಅಷ್ಟೇ. ಅವಳ ಕೆಚ್ಚಲಿಗೆ ಮತ್ತೆ ಹಳದಿ ಹಾಲು ತುಂಬಿ ಬಂದಿತ್ತು. ಅಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ಕ್ಯಾತಯ್ಯ ಬಂದ. ಅವನ ಕೈಯಲ್ಲಿ ಏನಿತ್ತು ಗೊತ್ತಾ? ಅದೇ ಗಡಿಗೆ!

"ಇನ್ನೊಂದು ಸಲ ಕರೀತೀನವ್ವಾ," ಅಂದ. "ಪಕ್ಕದ ಹಟ್ಟಿಯವರು ಬಂದವರೆ. ಅವರಿಗೆ ತೋರಿಸದೆ ಕಳಿಸಿದರೆ ನನ್ನ ಮಾನ ಏನಾಗಬೇಕು?"

ಅವನ ಮಾನವಂತೆ!

ಬೂದವ್ವನಿಗೆ ಆಗ ಬಂತು ನೋಡಿ ಸಿಟ್ಟು. ಅಂಥಿಂಥ ಸಿಟ್ಟಲ್ಲ. ಕಾಲಿನ ಗೊರಸಿನಲ್ಲಿ ಹುಟ್ಟಿತು. ಹೊಟ್ಟೆಗೆ ಏರಿತು. ಎದೆಗೆ ಏರಿತು. ಎದೆಯಲ್ಲಿ ಜಾಗ ಸಾಲದೆ ಬೆನ್ನಿಗೆ ಏರಿ, ಹೆಗಲ ಮೇಲೆ ಗುಡ್ಡೆಯಾಗಿ ಉಬ್ಬಿ ನಿಂತಿತು. ಅಲ್ಲಿಯವರೆಗೂ ಹಲಗೆಯ ಹಾಗಿದ್ದ ಬೆನ್ನ ಮೇಲೆ ಒಂದು ಬೆಟ್ಟ! ಅದೇ ಹಿಣಿಲು. ನಮ್ಮ ನಾಟಿ ಹಸುಗಳ ಹೆಗಲ ಮೇಲೆ ನೀವು ನೋಡುತ್ತೀರಲ್ಲ, ಅದು ಕೊಬ್ಬಲ್ಲ ಮಕ್ಕಳೇ, ಮಗನಿಗಾಗಿ ಬಂದ ಸಿಟ್ಟು.

ಸಿಟ್ಟು ಮೇಲೇರುವಾಗ ಒಬ್ಬಂಟಿಯಾಗಿ ಏರಲಿಲ್ಲ. ಕೆಚ್ಚಲಿನ ಹಾಲನ್ನೂ ಜೊತೆಗೆ ಎಳೆದುಕೊಂಡಿತು. ಕ್ಯಾತಯ್ಯ ಮೊಲೆ ಎಳೆದ. ಏನಿಲ್ಲ. ಇನ್ನೊಂದು ಎಳೆದ. ಏನಿಲ್ಲ. ನಾಲ್ಕೂ ಎಳೆದ. ಒಂದು ತೊಟ್ಟಿಲ್ಲ.

"ಅವ್ವಾ, ತಾಯೀ," ಅಂತ ಬೆನ್ನು ಸವರಿದ. ಏನಿಲ್ಲ. ಬೂಸ ಇಟ್ಟ. ಮೂಸಲಿಲ್ಲ. ಹಾಡು ಹೇಳಿದ. ಅದನ್ನು ಕೇಳಿ ಕತ್ತೆಯೊಂದು ಉತ್ತರ ಕೊಟ್ಟಿತು, ಬೂದವ್ವ ಕೊಡಲಿಲ್ಲ.

"ಹಾಲೆಲ್ಲಿ?" ಅಂತ ಕ್ಯಾತಯ್ಯ ರೇಗಿದ.

"ಇದೆ," ಅಂದಳು ಬೂದವ್ವ. "ನಿನಗಿಲ್ಲ."

ಆಮೇಲೆ ತಲೆ ಎತ್ತಿ ಸೂರ್ಯನನ್ನು ನೋಡಿದಳು. ಅವನು ಬೆಟ್ಟದ ತುದಿ ಮುಟ್ಟಿದ್ದ. "ಸೂರಪ್ಪಾ, ನಿಲ್ಲೋ! ನೀನು ಹೋದರೆ ಬಾಗಿಲು ಮುಚ್ಚುತ್ತೆ!"

"ನಿಲ್ಲಲು ನನಗೂ ಬರಲ್ಲವ್ವಾ," ಅಂದ ಸೂರ್ಯ. ಅವನ ಮುಖ ಸಂಕಟಕ್ಕೆ ಕೆಂಪಾಗಿತ್ತು. "ನಿಧಾನ ನಡೆಯುತ್ತೇನೆ. ಅಷ್ಟೇ ನನ್ನಿಂದ ಆಗೋದು." ಒಂದು ಬೆರಳು ಬೆಟ್ಟದ ಮೇಲೆ ಊರಿಕೊಂಡೇ ಮೆಲ್ಲಗೆ ಇಳಿಯತೊಡಗಿದ.

ಆಗ ಚಿತ್ತವ್ವ ಬಂದಳು.

ಚಿತ್ತವ್ವ ಕ್ಯಾತಯ್ಯನ ಹೆಂಡತಿ. ಬೆಳಿಗ್ಗೆಯಿಂದ ಎಳೆಮಗು ಕಟ್ಟಿಕೊಂಡು ಸೌದೆಗೆ ಹೋಗಿದ್ದವಳು, ಆಗತಾನೇ ಹೊರೆ ಹೊತ್ತು ಬಂದಿದ್ದಳು. ಸೊಂಟದಲ್ಲಿ ಮಗು, ತಲೆಯ ಮೇಲೆ ಸೌದೆ. ಗೂಟದ ಹತ್ತಿರ ಬಿದ್ದಿದ್ದ ಕರುವನ್ನು ನೋಡಿದಳು, ಗಂಡನ ಕೈಯಲ್ಲಿದ್ದ ಗಡಿಗೆ ನೋಡಿದಳು. ಸೌದೆ ಹೊರೆಯನ್ನು ಧಡ್ ಅಂತ ನೆಲಕ್ಕೆ ಹಾಕಿದಳು.

"ಏನಯ್ಯಾ ಇದು?"

"ಪದ್ಧತಿ ಕಣೇ. ಹೊಸ ಹಾಲು. ಮೊದಲು ಹಿರೀಕರಿಗೆ..."

"ಓಹೋ ಪದ್ಧತಿ!" ಚಿತ್ತವ್ವ ಸೊಂಟದ ಮಗುವನ್ನು ಮುಂದಕ್ಕೆ ಹಿಡಿದಳು. "ಇವನು ಹುಟ್ಟಿದ ದಿನ ನನ್ನ ಎದೇಲೂ ಹೊಸ ಹಾಲು ಬಂದಿತ್ತಲ್ಲಯ್ಯಾ. ಆವತ್ತು ಮೊದಲು ಈರಜ್ಜನ್ನ ಕರೆದು ತೊಡೆ ಮೇಲೆ ಮಲಗಿಸಿಕೊಂಡಿದ್ನಾ ನಾನು?"

ತಂಗಡಿ ಗಿಡದ ಹಿಂದಿನಿಂದ ಈರಜ್ಜ ಕೆಮ್ಮಿದ. "ಆ ಹುಡುಗಿ ನನ್ನ ಯಾಕ್ಲಾ ಎಳೀತಾಳೆ?"

ಕ್ಯಾತಯ್ಯ ಬಾಯಿ ತೆರೆದ. "ಅದು ನನಗೆ..." ಅಂದ.

ಚಿತ್ತವ್ವ ಮಗುವನ್ನು ಅವನ ಕೈಗೆ ಕೊಟ್ಟಳು. ಅವನ ಕೈಯಲ್ಲಿದ್ದ ಗಡಿಗೆ ಆಚೆ ಇಟ್ಟಳು. ಹೋಗಿ ಗೂಟವನ್ನೇ ಕಿತ್ತಳು. ಚಿಮ್ಮನಿಗೆ ಏಳಲು ಆಗಲಿಲ್ಲ. ಅವನನ್ನು ಎದೆಗೆ ಅವಚಿ ಎತ್ತಿಕೊಂಡು ತಂದು ಬೂದವ್ವನ ಕೆಚ್ಚಲಿಗೆ ಅವನ ಮೂತಿ ಇಟ್ಟಳು.

ಚಿಮ್ಮ ಸುಮ್ಮನಿದ್ದ.

"ಗುದ್ದೋ ಮಗನೇ," ಅಂದಳು ಬೂದವ್ವ. "ಒಂದು ಸಲ ಗುದ್ದು. ನೀನು ಅಂತ ನನಗೆ ಗೊತ್ತಾಗಬೇಕು. ಎಲ್ಲ ಮೇಲೆ ಎಳೆದುಕೊಂಡಿದ್ದೇನೆ, ನೀನು ಕೇಳದೆ ಇಳಿಯಲ್ಲ."

ಸೂರ್ಯನ ಬೆರಳು ಬೆಟ್ಟದಿಂದ ಜಾರುತ್ತಿತ್ತು.

ಚಿಮ್ಮ ತಲೆ ಎತ್ತಿದ. ಗುದ್ದಿದ. ಗುದ್ದು ಅಂದರೆ ಎಂಥದು, ಹೂವು ಬಿದ್ದ ಹಾಗೆ. ಆದರೆ ಅಷ್ಟು ಸಾಕಾಯಿತು. ಬೂದವ್ವನ ಮೈಯೆಲ್ಲ ಜುಮ್ಮೆಂದಿತು. ಹೆಗಲಿಗೇರಿದ್ದ ಹಾಲು ತೊರೆಯ ಹಾಗೆ ಇಳಿಯಿತು. ಸೊರೆ ಬಿಟ್ಟಳು! ಹಳದಿ ಹಾಲು, ಗಟ್ಟಿ ಹಾಲು, ಹೆಸರು ಕಲಿತ ಹಾಲು ಚಿಮ್ಮನ ಗಂಟಲಲ್ಲಿ ಗುಳುಗುಳು ಹೋಯಿತು. ಬಾಗಿಲು ಇನ್ನೂ ಒಂದು ಗೇಣು ತೆರೆದಿತ್ತು. ಹಾಲು ಒಳಗೆ ನುಗ್ಗಿತು. ಅದು ಒಳಗೆ ಹೋಗಿ ಕೂತ ಮೇಲೆ ಸೂರ್ಯ ಬೆರಳು ಬಿಟ್ಟ.

ಬಾಗಿಲು ಮುಚ್ಚಿತು.

ಗಾಳಿ ಇನ್ನು ತಡೆಯಲಾರದೆ ಹಟ್ಟಿಯ ಮೇಲೆ ಬೀಸಿತು. ಜಡ್ಡುಗಳು ಒಂದೊಂದಾಗಿ ಚಿಮ್ಮನ ಹತ್ತಿರ ಇಳಿದವು. ಒಳಗಿನಿಂದ ಹಾಲು ಗದರಿತು. "ಏ ಕೆಮ್ಮೇ, ನಿನ್ನನ್ನು ಬಲ್ಲೆ. ಏ ಜ್ವರವೇ, ನಿನ್ನನ್ನೂ ಬಲ್ಲೆ. ಏ ನಡುಕವೇ, ನಮ್ಮವ್ವನನ್ನು ಮಂಡಿಯೂರಿಸಿದವನು ನೀನೇ ಅಲ್ಲವಾ? ಬಾ, ಬಾ, ಲೆಕ್ಕ ಚುಕ್ತಾ ಮಾಡೋಣ." ಹೆಸರು ಹಿಡಿದು ಕರೆದದ್ದು ಕೇಳಿ ಜಡ್ಡುಗಳು ಬಂದ ದಾರಿಯಲ್ಲೇ ಓಡಿದವು.

ಮಾರನೆಯ ಬೆಳಿಗ್ಗೆ ಚಿಮ್ಮ ಎದ್ದ. ಹಟ್ಟಿಯ ತುಂಬ ಚಿಮ್ಮಿದ. ಬಿಳಿಚುಕ್ಕಿಯ ಬಾಲ ಎಳೆದ. ಕೊನೆಗೆ ಕ್ಯಾತಯ್ಯನ ಗಡಿಗೆಯನ್ನು ಹಿಂಗಾಲಲ್ಲಿ ಒದ್ದು ಒಡೆದು ಹಾಕಿದ. ನನ್ನನ್ನು ಕೇಳಿದರೆ, ಸರಿಯಾಗೇ ಮಾಡಿದ.

ಈರಜ್ಜ ಕೋಲೂರಿಕೊಂಡು ಬಂದು ಬೂದವ್ವನ ಮುಂದೆ ಕೂತ. "ಏನವ್ವಾ ಮಾಡೋಣ ಇನ್ನು?"

"ಇನ್ನು ಮೇಲೆ ಕರು ಬಂದು ಗುದ್ದದೆ ನಾನು ಸೊರೆ ಬಿಡಲ್ಲ," ಅಂದಳು ಬೂದವ್ವ. "ಮೊದಲ ಹಾಲು ಹೊಟ್ಟೆ ತುಂಬ ಕರುವಿಗೆ. ಅದು ಸಾಕು ಅಂತ ಮುಖ ತಿರುಗಿಸಿದ ಮೇಲೆ ಮಿಕ್ಕಿದ್ದು ನಿಮಗೆ. ಆಮೇಲೆ ಬಿಳಿ ಹಾಲು ಬರುವಾಗ, ಎರಡು ಮೊಲೆ ಕರುವಿಗೆ, ಎರಡು ಮನೆಗೆ. ನಾನು ಜಿಪುಣಿ ಅಲ್ಲ. ಆದರೆ ಸರದಿ ಸರದಿಯೇ."

ಈರಜ್ಜ ಹಟ್ಟಿಯ ಕಡೆ ತಿರುಗಿದ. "ಕೇಳಿಸ್ತಾ? ಜೇನಿಗೆ, ನವಣೆಗೆ ನಾವು ಹಿರೀಕರು. ಹಾಲಿಗೆ ಮಾತ್ರ ಕಿರಿಯರೇ ಹಿರೀಕರು. ಕ್ಯಾತಾ, ನಿನಗೂ ಇದು ಗೊತ್ತಿತ್ತೇನ್ಲಾ?"

ಕ್ಯಾತಯ್ಯ ತಲೆ ತಗ್ಗಿಸಿದ. "ಇಲ್ಲ ಅಜ್ಜಾ. ಗೊತ್ತಿರಲಿಲ್ಲ."

ಅವನು ಹುಟ್ಟಿದ ಮೇಲೆ ಆಡಿದ ಮೊದಲ ಒಳ್ಳೆಯ ಮಾತು ಅದು.

ಬೂದವ್ವ ಆ ಗುಟ್ಟನ್ನು ತನ್ನೊಬ್ಬಳಿಗೇ ಇಟ್ಟುಕೊಳ್ಳಲಿಲ್ಲ. ತಂಗಿ ಬಿಳಿಚುಕ್ಕಿಗೆ ಹೇಳಿದಳು, ಎಮ್ಮೆಗೆ ಹೇಳಿದಳು, ಆಡಿಗೆ ಹೇಳಿದಳು, ಚಿತ್ತವ್ವನಿಗೂ ಹೇಳಿದಳು. ಆವತ್ತಿನಿಂದ ಎಲ್ಲ ತಾಯಂದಿರಿಗೂ ಹೆರಿಗೆಯ ಮೊದಲ ಹಾಲು ಗಟ್ಟಿಯಾಗಿ, ಹಳದಿಯಾಗಿ ಬರುತ್ತದೆ. ಹಸುವಿನದನ್ನು ನಾವು ಗಿಣ್ಣ ಅನ್ನುತ್ತೇವೆ. ಮನುಷ್ಯರಲ್ಲಿ ಅದನ್ನು ಕೆಟ್ಟ ಹಾಲು ಅಂತ ಹಿಂಡಿ ನೆಲಕ್ಕೆ ಚೆಲ್ಲುವವರು ಈಗಲೂ ಇದ್ದಾರಂತೆ! ಸೂರ್ಯ ಕೊಟ್ಟದ್ದನ್ನು ಮಣ್ಣಿಗೆ ಚೆಲ್ಲುತ್ತೀರಲ್ಲ, ನಿಮಗೆ ಏನನ್ನಬೇಕು?

ಬಿಳಿಚುಕ್ಕಿಗೆ ಮಾತ್ರ ಯಾವತ್ತೂ ಸಿಟ್ಟು ಬರಲಿಲ್ಲ. ಅದಕ್ಕೇ ಅವಳಿಗೆ ಹಿಣಿಲು ಮೂಡಲಿಲ್ಲ. ಅವಳ ಮಕ್ಕಳು ಮೊಮ್ಮಕ್ಕಳು ಸಮುದ್ರ ದಾಟಿ ಚಳಿಸೀಮೆಗೆ ಹೋದರು, ದೊಡ್ಡ ಕೆಚ್ಚಲಿನವರಾದರು, ಈಗ ವಾಪಸ್ಸು ನಮ್ಮೂರಿಗೂ ಬಂದಿದ್ದಾರೆ. ಕರು ಇಲ್ಲದಿದ್ದರೂ, ಕೈ ಬದಲು ಮಿಷನ್ನು ಇಟ್ಟರೂ ಬಿಂದಿಗೆಗಟ್ಟಲೆ ಕೊಡುತ್ತಾರೆ. ಅದು ಅವರ ಸ್ವಭಾವ, ಬಯ್ಯುವ ಹಾಗಿಲ್ಲ. ಹಿಣಿಲಿನವಳ ಹಾಲು ಮನುಷ್ಯನ ಹೊಟ್ಟೆಗೆ ಹಗುರವೋ, ಹಿಣಿಲಿಲ್ಲದವಳದೂ ಅಷ್ಟೇ ಹಗುರವೋ ಅಂತ ಓದಿದವರು ಇನ್ನೂ ಜಗಳ ಆಡುತ್ತಿದ್ದಾರೆ. ಆಡಲಿ. ನನ್ನ ಓಟು ಯಾರಿಗೆ ಅಂತ ನಿಮಗೆ ಗೊತ್ತು. ಆದರೆ ಹಸಿ ಮೈಯ ಕರುವಿನ ವಿಷಯದಲ್ಲಿ ಯಾರ ಜಗಳವೂ ಇಲ್ಲ. ಹಿಣಿಲಿರಲಿ, ಇಲ್ಲದಿರಲಿ, ಮೊದಲ ಹಾಲು ಅದರದು, ಮೊದಲ ದಿನವೇ.

ನೀವು ಯಾವುದಾದರೂ ನಾಟಿ ಹಸುವಿನ ಕೊಟ್ಟಿಗೆಗೆ ಹೋಗಿ ನೋಡಿ. ಚೆಂಬು ಹಿಡಿದವನು ಪಕ್ಕದಲ್ಲಿ ಸುಮ್ಮನೆ ಕಾದು ನಿಂತಿರುತ್ತಾನೆ. ಮೊದಲು ಕರುವನ್ನು ಬಿಡುತ್ತಾರೆ. ಕರು ಓಡಿ ಬಂದು ತಲೆಯಿಂದ ಗುದ್ದುತ್ತದೆ. ಹಸು ತಿರುಗಿ ನೋಡಿ, ಅದರ ಬೆನ್ನು ಮೂಸಿ, ತನ್ನ ಮಗನೇ ಅಂತ ಗೊತ್ತಾದ ಮೇಲೆ ಸೊರೆ ಬಿಡುತ್ತದೆ.

ಮತ್ತೆ ಎಂದಾದರೂ ಯಾರಾದರೂ ನಿಮ್ಮ ಮನೆಗೆ ಗಿಣ್ಣದ ಹಾಲು ತಂದುಕೊಟ್ಟರೆ, ಅಮ್ಮ ಅದನ್ನು ಒಲೆಯ ಮೇಲೆ ಇಡುವಾಗ ಪಕ್ಕದಲ್ಲೇ ನಿಂತು ನೋಡಿ. ಅದು ಬೇರೆ ಹಾಲಿನ ಹಾಗೆ ಉಕ್ಕುವುದಿಲ್ಲ, ಹರಿಯುವುದಿಲ್ಲ, ಪಾತ್ರೆಯೊಳಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಕರು ಕುಡಿಯಿತಾ ಅಂತ ಅದು ಇವತ್ತಿಗೂ ಕೇಳುತ್ತಾ ಕೂತಿದೆ. ಉತ್ತರ ಹೇಳಿ, ಆಮೇಲೆ ಚಮಚ ಎತ್ತಿ.